ಎರಡು ರೊಟ್ಟಿಯ ಪಥ್ಯ

ಅಫಜಲಪುರದ ಪೇಟೆಯಲ್ಲಿ ಶಿವಪ್ರಕಾಶನಿಗೆ ಮೋಟಾರು, ಪೈಪುಗಳ ಅಂಗಡಿ. ಪೈಪು ಹೊತ್ತು ಹಾಕುವವರು ಬೇರೆ, ಬಿಲ್ಲು ಬರೆಯುವವರು ಬೇರೆ. ಇವನದು ಹಣದ ಗಲ್ಲೆಯ ಮುಂದೆ ಕೂಡುವ ಕೆಲಸ. ನಲವತ್ತೆರಡರ ವಯಸ್ಸಿಗೆ ನೂರಾ ನಾಲ್ಕು ಕಿಲೋ ತೂಗುತ್ತಿದ್ದ. ಅದರ ಬಗ್ಗೆ ಅವನಿಗಾಗಲಿ ಪೇಟೆಗಾಗಲಿ ತಕರಾರಿರಲಿಲ್ಲ. ವ್ಯಾಪಾರಸ್ಥ ಒಂದಿಷ್ಟು ಮೈಕೈ ತುಂಬಿಕೊಂಡಿದ್ದರೆ ಗಿರಾಕಿಗೂ ಧೈರ್ಯ. ತಕರಾರು ಶುರುವಾದದ್ದು ಅವನ ಅಕ್ಕ ವಿದ್ಯಾವತಿಯ ಎರಡೂ ಕಿಡ್ನಿ ಕೈಕೊಟ್ಟ ಮೇಲೆ.

ವಿದ್ಯಾವತಿ ಜೇವರ್ಗಿಯಲ್ಲಿ ಶಾಲಾ ಶಿಕ್ಷಕಿ. ವಾರಕ್ಕೆರಡು ಸಲ ಕಲಬುರಗಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು, ಮರುದಿನ ಮತ್ತೆ ಶಾಲೆಗೆ ಹೋಗುವ ಹಟದ ಹೆಣ್ಣು. ಗಂಡ ದೌಲತರಾಯನ ರಕ್ತದ ಗುಂಪು ಹೊಂದಲಿಲ್ಲ. ತಾಯಿ ಗುರುಬಾಯಿಗೆ ಸಕ್ಕರೆ ಕಾಯಿಲೆ. ಉಳಿದವನು ತಮ್ಮ ಒಬ್ಬನೇ. ಅವನದು ಎಲ್ಲವೂ ಹೊಂದಿತು. "ನಾ ಕೊಡ್ತೇನಿ ಅಕ್ಕಾ, ಅದರಾಗೇನದ" ಎಂದು ಎಲ್ಲರ ಮುಂದೆ ಅಂದೇಬಿಟ್ಟ. ಅಂದದ್ದು ಸುಳ್ಳಲ್ಲ. ಆ ಕ್ಷಣಕ್ಕೆ ಎರಡೂ ಕೇಳಿದ್ದರೆ ಎರಡನ್ನೂ ಕೊಟ್ಟುಬಿಡುತ್ತಿದ್ದ. ಸುದ್ದಿ ಪೇಟೆ ತುಂಬಾ ಹಬ್ಬಿತು. ಮಠಕ್ಕೆ ಕರೆಸಿ ಶಾಲು ಹೊದಿಸಿದರು. ಕೊಡುವ ಮೊದಲೇ ಸನ್ಮಾನ ಮಾಡಿಸಿಕೊಂಡ ದಾನಿ ಆ ತಾಲ್ಲೂಕಿನಲ್ಲಿ ಇವನೊಬ್ಬನೇ ಇದ್ದಾನು.

ಸೊಲ್ಲಾಪುರದ ದವಾಖಾನೆಯ ಡಾಕ್ಟರಿಗೆ ಶಾಲಿನ ಸುದ್ದಿ ಬೇಕಿರಲಿಲ್ಲ. ತೂಕ ತೊಂಬತ್ತರೊಳಗೆ ಇಳಿಯುವವರೆಗೆ ಆಪರೇಶನ್ನಿನ ಮಾತೇ ಇಲ್ಲ ಅಂದರು. ಇಷ್ಟು ಮೈಯವನ ಒಂದು ಕಿಡ್ನಿ ತೆಗೆದರೆ ಉಳಿದದ್ದರ ಮೇಲೆ ಭಾರ ಬೀಳುತ್ತದೆ, ನಾಳೆ ಇವನೇ ಡಯಾಲಿಸಿಸ್ಸಿಗೆ ಬಂದು ಮಲಗಬೇಕಾದೀತು ಎಂದು ಹೇಳಿ, ಆಹಾರದ ಲೆಕ್ಕ ಹಾಕಿಕೊಡುವ ಗುಲನಾಜಳ ಕೋಣೆಗೆ ಕಳಿಸಿದರು. ಅಕ್ಕ ತಮ್ಮ ಇಬ್ಬರೂ ಹೋಗಿ ಕೂತರು.

ಗುಲನಾಜ ಕನ್ನಡದ ಕಡೆಯ ಖಜೂರಿ ಊರಿನ ಹುಡುಗಿ. ಎತ್ತರ, ತೂಕ, ವಯಸ್ಸು ಕೇಳಿ ಕ್ಯಾಲ್ಕುಲೇಟರ್ ಒತ್ತಿದಳು.

"ನೋಡ್ರಿ ಅಣ್ಣಾರ, ನೀವು ದಿನಾಪೂರ್ತಿ ಮಲಗೇ ಇದ್ರೂ ನಿಮ್ಮ ಮೈ ಹತ್ತೊಂಬತ್ತುನೂರು ಕ್ಯಾಲೊರಿ ಸುಡ್ತದ. ಎದಿ ಬಡೀಬೇಕು, ಉಸಿರಾಡಬೇಕು, ಅದಕ್ಕೂ ಬೇಕಲ್ಲ. ಅಂಗಡ್ಯಾಗ ಕುಂದ್ರೋದು, ಅಡ್ಡಾಡೋದು ಹಿಡಿದ್ರ ಇಪ್ಪತ್ತಮೂರುನೂರು. ನೀವು ಅದಕ್ಕಿಂತ ಐದಾರುನೂರು ಕಮ್ಮಿ ತಿನ್ರಿ. ಕಮ್ಮಿ ಬಿದ್ದಿದ್ದನ್ನ ಮೈ ತನ್ನ ಕೊಬ್ಬಿನಾಗಿಂದ ತಗೋತದ. ವಾರಕ್ಕ ಅರ್ಧ ಕಿಲೋ ಇಳೀತದ. ಉಪಾಸ ಅಂತೂ ಬ್ಯಾಡೇ ಬ್ಯಾಡ. ಈಗ ದಿನಾ ಏನೇನ್ ತಿಂತೀರಿ ಹೇಳ್ರಿ."

ಆ ಕಡೆ ಊಟ ಅಂದರೆ ರೊಟ್ಟಿ. ಏನು ಉಂಡೆ ಎಂದು ಕೇಳಿದರೆ ಜನ ರೊಟ್ಟಿಯ ಎಣಿಕೆ ಹೇಳುತ್ತಾರೆ. ಸುಸಲಾ, ಭಜಿ, ಚುಡವಾ, ಚಹಾದ ಜೊತೆಯ ಖಾರಿ, ಇವೆಲ್ಲ ಬಾಯಾಡಿಸುವ ಸಾಮಾನು. ಅವು ಹೊಟ್ಟೆಗೆ ಹೋಗುತ್ತವೆಯೇ ಹೊರತು ಲೆಕ್ಕಕ್ಕೆ ಬರುವುದಿಲ್ಲ. ಶಿವಪ್ರಕಾಶ ಹಾಗೆಯೇ ಹೇಳಿದ. "ಮುಂಜಾನಿ ಮೂರು ರೊಟ್ಟಿ, ರಾತ್ರಿ ಮೂರು. ಮತ್ತೇನಿಲ್ರಿ."

"ರೊಟ್ಟಿ ಎಷ್ಟು ದೊಡ್ಡದಿರ್ತದ್ರಿ?"

ಶಿವಪ್ರಕಾಶ ಎರಡೂ ಕೈ ಅಗಲಿಸಿದ. ಆಮೇಲೆ ಏನನ್ನಿಸಿತೋ, ಹತ್ತಿರ ತಂದು, ಎರಡು ಅಂಗೈ ಕೂಡಿಸಿ ತೋರಿಸಿದ. ಪಕ್ಕದ ಕುರ್ಚಿಯಲ್ಲಿದ್ದ ವಿದ್ಯಾವತಿ ಅವನ ಕೈ ನೋಡಿದಳು. ಆಮೇಲೆ ಅವನ ಮುಖ ನೋಡಿದಳು.

"ಹಂಗಾರ ಒಂದಕ್ಕ ನೂರಾ ನಲವತ್ತು ಕ್ಯಾಲೊರಿ ಹಿಡೀತೇನಿ," ಎಂದಳು ಗುಲನಾಜ. ಹೊತ್ತಿಗೆ ಎರಡೇ ರೊಟ್ಟಿ, ಒಂದು ಬಟ್ಟಲು ಬೇಳೆ, ಬೇಕಾದಷ್ಟು ಪುಂಡಿಪಲ್ಲೆ, ಸೌತೆಕಾಯಿ, ಮಜ್ಜಿಗೆ; ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಒಂದೇ ಚಮಚ, ಮೇಲೆ ಎಣ್ಣೆ ಸುರಿದುಕೊಳ್ಳಬಾರದು. ಇಷ್ಟೇ ಪಥ್ಯ. ಎಂಥ ಹೊಟ್ಟೆಬಾಕನಿಗೂ ನಿಭಾಯಿಸಲಿಕ್ಕೆ ಬರುವಂಥದ್ದು.

ಹೊರಗೆ ಬರುವಾಗ ಪಡಸಾಲೆಯ ಬೆಂಚಿನ ಮೇಲೆ ಒಬ್ಬ ಅಂಗಿ ಎತ್ತಿ ನರ್ಸಿಗೆ ಹೊಲಿಗೆ ತೋರಿಸುತ್ತಿದ್ದ. ತಮ್ಮನಿಗೆ ಕಿಡ್ನಿ ಕೊಟ್ಟವನಂತೆ. ನಗುತ್ತಲೇ ಮಾತಾಡುತ್ತಿದ್ದ. ಶಿವಪ್ರಕಾಶನಿಗೆ ಆ ನಗು ಕಾಣಲಿಲ್ಲ. ಪಕ್ಕೆಯಿಂದ ಹೊಟ್ಟೆಯವರೆಗೆ ಎಳೆದ ಗೆರೆಯಷ್ಟೇ ಕಂಡಿತು. ತನ್ನ ಪಕ್ಕೆಯ ಮೇಲೆ ಕೈಯಿಟ್ಟುಕೊಂಡು ಬಿರಬಿರನೆ ಹೊರಗೆ ನಡೆದ.

ಮನೆಯಲ್ಲಿ ರೊಟ್ಟಿ ಬಡಿಯುವ ಕೆಲಸ ಗುರುಬಾಯಿಯದು. ಸೊಸೆ ಶೈಲಶ್ರೀ ಉಳಿದ ಅಡಿಗೆ ಏನಾದರೂ ಮಾಡಿಕೊಳ್ಳಲಿ, ರೊಟ್ಟಿಯ ಹಿಟ್ಟಿಗೆ ಕೈ ಹಾಕುವಂತಿರಲಿಲ್ಲ. "ಎರಡು ಅಂದ್ರ ಎರಡು. ದವಾಖಾನಿ ಮಾತು ಮೀರಬಾರದು" ಎಂದು ಮುದುಕಿ ಮೊದಲ ದಿನವೇ ಸಾರಿದಳು, ನಡೆದುಕೊಂಡಳು ಕೂಡ. ಮೂರನೆಯದನ್ನು ಒಂದು ದಿನವೂ ಹಾಕಲಿಲ್ಲ. ಆದರೆ ಮಗ ಎರಡೇ ರೊಟ್ಟಿಗೆ ಕೈ ತೊಳೆದು ಏಳುವುದನ್ನು ನೋಡಿ ಅವಳ ಕರುಳು ಚುರ್ ಎಂದಿತು. ಮರುದಿನ ಹಿಟ್ಟಿನ ಉಂಡೆ ತುಸು ದೊಡ್ಡದಾಯಿತು. ಅದರ ಮರುದಿನ ಮತ್ತಿಷ್ಟು. ಹದಿನೈದು ದಿನ ಕಳೆಯುವುದರೊಳಗೆ ರೊಟ್ಟಿ ಹಂಚಿನ ಅಂಚಿಗೆ ಹೋಗಿ ಮುಟ್ಟಿತು, ಮೇಲೆ ದಪ್ಪ ಬೇರೆ. ಶೈಲಶ್ರೀ ಒಮ್ಮೆ ತಡೆಯಲಾರದೆ ಕೇಳಿದ್ದಕ್ಕೆ, "ಎರಡೇ ಹಾಕೇನಿ, ಬೇಕಾದ್ರ ಎಣಿಸ್ಕೋ" ಅಂದಳು.

ಶಿವಪ್ರಕಾಶನಿಗೆ ಕಣ್ಣಿರಲಿಲ್ಲವೇ? ಇತ್ತು. ತಾಟಿಗೆ ಬಿದ್ದ ರೊಟ್ಟಿಯನ್ನು ನೋಡಿದ, ತಾಯಿಯ ಮುಖ ನೋಡಿದ, ಮುರಿದು ತಿಂದ. ತೂಕ ಇಳಿಯದಿದ್ದರೆ ಯಾರೂ ತನ್ನ ಹೊಟ್ಟೆ ಕೊಯ್ಯುವುದಿಲ್ಲ. ಒಲ್ಲೆ ಎಂದು ಬಾಯಿಬಿಡುವ ಪ್ರಸಂಗವೂ ಬರುವುದಿಲ್ಲ. ಡಾಕ್ಟರೇ ಬೇಡ ಅಂದರೆ ತಾನೇನು ಮಾಡಲಿಕ್ಕಾಗುತ್ತದೆ? ಈ ವಿಚಾರವನ್ನು ಅವನು ಪೂರ್ತಿ ಮುಗಿಸುತ್ತಿರಲಿಲ್ಲ. ಅರ್ಧಕ್ಕೆ ಬಂದೊಡನೆ ಇನ್ನೊಂದು ತುತ್ತು ಬಾಯಿಗಿಡುತ್ತಿದ್ದ, ಆ ತುತ್ತಿನೊಂದಿಗೆ ಹೆದರಿಕೆಯೂ ಸ್ವಲ್ಪ ಕೆಳಗಿಳಿಯುತ್ತಿತ್ತು.

ಎರಡು ತಿಂಗಳಾದ ಮೇಲೆ ಎಲ್ಲರೂ ಮತ್ತೆ ಸೊಲ್ಲಾಪುರಕ್ಕೆ ಹೋದರು. ತೂಕದ ಕಾಟಾದ ಮೇಲೆ ನಿಂತರೆ ನೂರಾ ಐದು. ಡಾಕ್ಟರು ವಿದ್ಯಾವತಿಯ ಊದಿದ ಕಾಲು ಒತ್ತಿ ನೋಡಿ, ಹೀಗಾದರೆ ತಮ್ಮನ ಆಸೆ ಬಿಟ್ಟು, ತೀರಿಕೊಂಡವರ ಕಿಡ್ನಿಗಾಗಿ ಕಾಯುವವರ ಸಾಲಿನಲ್ಲಿ ಹೆಸರು ಹಚ್ಚಬೇಕು, ಆ ಸಾಲಿನಲ್ಲಿ ವರ್ಷಗಟ್ಟಲೆ ಕಾದವರಿದ್ದಾರೆ ಅಂದರು. ದೌಲತರಾಯ ಹೆಂಡತಿಯ ಚಪ್ಪಲಿ ಸರಿಮಾಡಿಟ್ಟ.

ಗುಲನಾಜಳಿಗೆ ಲೆಕ್ಕ ಬಗೆಹರಿಯಲಿಲ್ಲ. "ಬುತ್ತಿ ತಂದೀರೇನ್ರಿ ಅವ್ವಾರ? ಜರಾ ರೊಟ್ಟಿ ತೋರಿಸ್ರಿ" ಎಂದಳು. ತನ್ನ ರೊಟ್ಟಿಯನ್ನು ಕೇಳಿ ನೋಡುವವರೂ ಇದ್ದಾರಲ್ಲ ಎಂಬ ಹಿಗ್ಗಿನಿಂದ ಗುರುಬಾಯಿ ಅರಿವೆಯ ಗಂಟು ಬಿಚ್ಚಿದಳು. ಮೇಜಿನ ಮೇಲಿದ್ದ ಕಾಗದಪತ್ರಗಳೆಲ್ಲ ರೊಟ್ಟಿಯ ಕೆಳಗೆ ಮುಚ್ಚಿಹೋದವು. ಗುಲನಾಜ ಅದನ್ನು ಮಡಚಿ ಪುಟ್ಟ ತಕ್ಕಡಿಯ ಮೇಲಿಟ್ಟಳು.

"ಇದು ಒಂದಲ್ರಿ ಅವ್ವಾರ. ನಾ ಹಿಡಿದ ಲೆಕ್ಕದಾಗ ಇದು ಎರಡೂವರಿ ರೊಟ್ಟಿ. ಅಣ್ಣಾರು ಹೊತ್ತಿಗೆ ಎರಡಲ್ಲ, ಐದು ರೊಟ್ಟಿ ತಿನ್ನಾಕತ್ತಾರ."

ಗುರುಬಾಯಿಯ ನಗು ಹಾಗೇ ಮುಖದ ಮೇಲೆ ನಿಂತಿತು, ಆಮೇಲೆ ನಿಧಾನಕ್ಕೆ ಇಳಿಯಿತು. ಮಗಳ ಕಡೆ ನೋಡಿದಳು, ಅಳಿಯನ ಕಡೆ ನೋಡಿದಳು. "ಅಯ್ಯೋ ಯವ್ವಾ, ನನ್ನ ಕೈಯಾರೆ ನಾ ನನ್ನ ಮಗಳಿಗೆ..." ಎಂದವಳೇ ಸೆರಗು ಬಾಯಿಗೊತ್ತಿಕೊಂಡಳು. 'ಅವ್ವಾ, ನಾ ನೋಡಿದ್ದೆ, ನೋಡಿಯೂ ತಿಂದೆ' ಎನ್ನಲಿಕ್ಕೆ ಎಷ್ಟು ಹೊತ್ತು ಬೇಕು? ಶಿವಪ್ರಕಾಶ ಗೋಡೆಗೆ ಅಂಟಿಸಿದ್ದ ಹಣ್ಣುಗಳ ಚಿತ್ರ ನೋಡುತ್ತ ಕೂತ. ಎಪ್ಪತ್ತು ವರ್ಷದ ಮುದುಕಿ ಅವನ ತಪ್ಪನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಗೆ ಹೋದಳು. ಅವನಿಗೆ ನಾಚಿಕೆಯಾಯಿತು. ಆಗಿ ಪ್ರಯೋಜನವೇನು, ಬಾಯಿ ಮಾತ್ರ ತೆರೆಯಲಿಲ್ಲ.

ಅಂದಿನಿಂದ ಗುರುಬಾಯಿ ಹಿಟ್ಟು ಮುಟ್ಟುವುದನ್ನೇ ಬಿಟ್ಟಳು. ಶೈಲಶ್ರೀ ಹಿಟ್ಟು ತೂಗಿ, ಅಂಗೈಯಗಲದ ರೊಟ್ಟಿ ಮಾಡಿ ಹಾಕತೊಡಗಿದಳು. ಮನೆಯಲ್ಲಿ ಪಥ್ಯ ಚೊಕ್ಕವಾಯಿತು. ಅದಕ್ಕೇ ಶಿವಪ್ರಕಾಶ ಅಂಗಡಿಯ ಹಿಂದಿನ ಪೈಪಿನ ಕೋಣೆ ಸೇರಿದ. ಎದುರಿನ ಅಮೀರನ ಬಂಡಿಯಿಂದ ಮಿರ್ಚಿ ಭಜಿ ತರಿಸಿ, ಪೈಪುಗಳ ಮಧ್ಯೆ ನಿಂತೇ ನುಂಗುತ್ತಿದ್ದ. ಎಣ್ಣೆಯ ಕೈಯನ್ನು ಗೋಣಿಚೀಲಕ್ಕೆ ಒರೆಸಿ, ಬಡಿಸೋಪು ಜಗಿದು, ಸಾಧುವಿನಂಥ ಮುಖ ಮಾಡಿಕೊಂಡು ಗಲ್ಲೆಗೆ ಬರುತ್ತಿದ್ದ. ಭಜಿ ಕೆಲಸದವರಿಗೆ ಎಂದೇ ಅಮೀರ ತಿಳಿದಿದ್ದ. ಒಂದು ದಿನ ತಾನೇ ಪೊಟ್ಟಣ ತಂದುಕೊಟ್ಟು, "ಶೇಟಜೀ, ಅಕ್ಕನ ಸಲುವಾಗಿ ಇಷ್ಟು ಬಾಯಿ ಕಟ್ಟೋ ತಮ್ಮ ಎಲ್ಲಿ ಸಿಗ್ತಾನ್ರಿ. ನಿಮ್ಮ ಮಂದಿಗೆ ನನ್ನ ಕಡಿಂದ ಎರಡು ಜಾಸ್ತಿ ಹಾಕೇನಿ" ಅಂದ. ಶಿವಪ್ರಕಾಶ ಆ ಎರಡನ್ನೂ ತಿಂದ. ತಿನ್ನುವಾಗ ಕಣ್ಣಲ್ಲಿ ನೀರು ಬಂದವು. ಮೆಣಸಿನಕಾಯಿ ಖಾರವಿತ್ತೆಂದು ತನಗೆ ತಾನೇ ಹೇಳಿಕೊಂಡ.

ಮತ್ತೆ ಸೊಲ್ಲಾಪುರಕ್ಕೆ ಹೋಗುವ ಹಿಂದಿನ ದಿನ ಅವನು ಅಕ್ಕನನ್ನು ಕರೆದೊಯ್ಯಲು ಜೇವರ್ಗಿಗೆ ಬಂದ. ದೌಲತರಾಯ ಕಾಯಿಪಲ್ಲೆ ತರಲು ಸಂತೆಗೆ ಹೋಗಿದ್ದ. ವಿದ್ಯಾವತಿ ತಮ್ಮನಿಗೆ ಸಕ್ಕರೆಯಿಲ್ಲದ ಚಹಾ ಕೊಟ್ಟು ತಾನು ಸುಮ್ಮನೆ ಕೂತಳು. ಡಾಕ್ಟರು ಅಳೆದುಕೊಟ್ಟ ಅವಳ ದಿನದ ನೀರೆಲ್ಲ ಪಕ್ಕದ ಒಂದು ಬಾಟಲಿಯಲ್ಲಿತ್ತು. ಚಹಾ ಕುಡಿದರೆ ಅಷ್ಟು ನೀರು ಬಿಡಬೇಕು. ತೊಗರಿಬೇಳೆಯ ನಾಡಿನಲ್ಲಿ ಹುಟ್ಟಿ ಬೇಳೆ ಬಿಟ್ಟಿದ್ದಳು, ಉಪ್ಪು ಬಿಟ್ಟಿದ್ದಳು, ಟೊಮೆಟೊ ಬಿಟ್ಟಿದ್ದಳು. ಯಾರೂ ಅವಳಿಗೆ ಶಾಲು ಹೊದಿಸಿರಲಿಲ್ಲ.

"ಶಿವೂ, ನಾಳಿ ಸೊಲ್ಲಾಪುರಕ್ಕ ಹೋಗೋದು ಬ್ಯಾಡ."

"ಯಾಕಕ್ಕಾ?"

"ನೀ ಅಂಜೀದಿ. ನಾ ಹುಟ್ಟಿದ ಮನಿ ರೊಟ್ಟಿ ಎಷ್ಟಿರ್ತದಂತ ನನಗ ಗೊತ್ತಿಲ್ಲೇನು? ನೀ ಆ ಹುಡುಗಿಗಿ ಅಂಗೈ ತೋರಿಸಿದಾಗೇ ಗೊತ್ತಾತು. ಇವತ್ತಿಲ್ಲ ನಾಳಿ ಬಾಯಿಬಿಟ್ಟು ಹೇಳ್ತಾನಂತ ಸುಮ್ನಿದ್ದೆ. ಅವ್ವನ ಮ್ಯಾಲೆ ತಪ್ಪು ಬಂದಾಗಾದ್ರೂ ಹೇಳ್ತೀ ಅಂತ ಮಾಡಿದ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಅವನಿಗೆ ಎಷ್ಟೋ ಸುಲಭವಿತ್ತು.

"ನಾನೇ ಒಲ್ಲೆ ಅಂತೇನಿ," ವಿದ್ಯಾವತಿ ಮುಂದುವರಿಸಿದಳು. "ಅವಗ ಸಣ್ಣ ಮಕ್ಕಳದಾವ, ನನಗ ಮನಸಿಲ್ಲ ಅಂತ ಡಾಕ್ಟರಿಗೆ ಹೇಳ್ತೇನಿ. ಯಾರೂ ನಿನಗ ಒಂದು ಮಾತು ಅನ್ನಾಂಗಿಲ್ಲ."

ಶಿವಪ್ರಕಾಶನ ಎದೆ ಹಗುರಾಯಿತು. ಬೇಡ ಬೇಡವೆಂದರೂ ಹಗುರಾಯಿತು. ಎಷ್ಟು ಹಗುರಾಯಿತೆಂದರೆ, ಅಲ್ಲೇ, ಊದಿದ ಮುಖದ ಅಕ್ಕನ ಎದುರು ಕೂತಲ್ಲೇ, ಅವನಿಗೆ ಹಸಿವಾಯಿತು. ಅಂಥ ಹಸಿವು ಆದದ್ದಕ್ಕೆ ಅವನಿಗೆ ಆದ ನಾಚಿಕೆ, ಆವರೆಗೆ ಕದ್ದು ತಿಂದ ಎಲ್ಲ ತುತ್ತಿನ ನಾಚಿಕೆಗಿಂತ ದೊಡ್ಡದಿತ್ತು.

ಅಷ್ಟರಲ್ಲಿ ದೌಲತರಾಯ ಬಂದ. ವಿದ್ಯಾವತಿ ಅಂದಂತೆಯೇ ಹೇಳಿದಳು: ನನಗೆ ತಮ್ಮನ ಕಿಡ್ನಿ ಬೇಡ, ಅವನು ಕೊಡುತ್ತೇನೆಂದರೂ ನಾನೇ ಒಲ್ಲೆ. ದೌಲತರಾಯ ಚೀಲ ಕೆಳಗಿಟ್ಟು, ಹೆಂಡತಿಯನ್ನು ನೋಡಿದ. ಆಮೇಲೆ ಬಂದು ಶಿವಪ್ರಕಾಶನ ಎರಡೂ ಕೈ ಹಿಡಿದುಕೊಂಡ.

"ನೀ ಏನೂ ಮನಸಿಗಿ ಹಚ್ಕೋಬ್ಯಾಡೋ. ಇಷ್ಟು ದಿನ ಅರೆಹೊಟ್ಟಿ ಉಂಡಿ, ಅದೇ ನಮಗ ದೊಡ್ಡದು. ಒಡಹುಟ್ಟಿದವರು ಯಾರು ಮಾಡ್ತಾರ ಇಷ್ಟು? ಅತ್ತಿಯವ್ರದೇ ಚಿಂತಿ ಆಗ್ಯದ. ದಿನಾ ಫೋನ್ ಹಚ್ಚಿ, ನನ್ನಿಂದ ಹಿಂಗಾತು ಅಂತ ಅಳ್ತಾರ."

"ಮಾಮಾ, ಕೈ ಬಿಡ್ರಿ."

ದೌಲತರಾಯ ಬಿಡಲಿಲ್ಲ. ಅವನ ಕೈಯೊಳಗೆ ತನ್ನ ಕೈ ಇಟ್ಟುಕೊಂಡೇ ಶಿವಪ್ರಕಾಶ ಹೇಳಬೇಕಾಯಿತು.

"ನಾ ಅರೆಹೊಟ್ಟಿ ಉಂಡಿಲ್ರಿ. ಅವ್ವ ರೊಟ್ಟಿ ದೊಡ್ಡದು ಮಾಡೋದು ನೋಡ್ಕೋತನೇ ತಿಂದೇನಿ. ಅಕಿ ಬಿಟ್ಟ ಮ್ಯಾಲೆ ಅಂಗಡ್ಯಾಗ ಕದ್ದು ಭಜಿ ತಿಂದೇನಿ. ವಜನ ಇಳೀಬಾರದಂತಾನೇ ತಿಂದೇನ್ರಿ. ನನಗ ಕೊಯ್ಯೋದಂದ್ರ ಅಂಜಿಕಿ. ಅವ್ವಂದೇನೂ ತಪ್ಪಿಲ್ಲ."

ದೌಲತರಾಯನ ಕೈ ತಾನಾಗಿ ಸಡಿಲಾಯಿತು. ಅವನು ಬೈಯಲಿಲ್ಲ. ಎರಡೂ ಅಂಗೈಗಳನ್ನು ತನ್ನ ಪ್ಯಾಂಟಿಗೆ ಒರೆಸಿಕೊಂಡ, ಅಷ್ಟೇ. "ಅತ್ತಿಯವ್ರಿಗಿ ಫೋನ್ ಹಚ್ಚು. ಇಲ್ಲೇ, ನನ್ನ ಮುಂದ" ಅಂದ.

ಗುರುಬಾಯಿ ಫೋನೆತ್ತಿದವಳೇ "ಊಟ ಆತೇನೋ?" ಎಂದು ಕೇಳಿದಳು. ಶಿವಪ್ರಕಾಶ ಇನ್ನೊಮ್ಮೆ ಮೊದಲಿನಿಂದ ಎಲ್ಲ ಹೇಳಿದ. ಎರಡನೇ ಸಲ ಹೇಳುವುದು ಸುಲಭವಾಗಲಿಲ್ಲ. "ಅಂಜಿಕಿ ಆಗ್ಯದ ಅಂತ ನಿನ್ನ ಅವ್ವಗೂ ಹೇಳಬಾರದೇನೋ" ಎಂದು ಮುದುಕಿ ಫೋನು ಇಟ್ಟಳು.

ಅವನು ಅಕ್ಕನ ಕಡೆ ತಿರುಗಿದ. ಮುಖವೆತ್ತಿ ನೋಡಲಾಗದೆ ಅವಳ ಊದಿದ ಪಾದಗಳನ್ನೇ ನೋಡಿ ಮಾತಾಡಿದ.

"ನಾಳಿ ಹೋಗೂನು ಅಕ್ಕಾ. ಗುಲನಾಜಗ ಖರೆ ಹೇಳಿ, ಮೊದಲಿಂದ ಲೆಕ್ಕ ಹಾಕಸ್ತೇನಿ. ಅಂಜಿಕಿ ಹೋಗಿಲ್ಲ. ಹೋಗಾಂಗೂ ಇಲ್ಲ. ಅಂಜ್ಕೋತನೇ ಕೊಡ್ತೇನಿ."

ವಿದ್ಯಾವತಿ ಬಾಟಲಿಯ ಮುಚ್ಚಳ ತೆಗೆದು, ನಾಲಿಗೆ ನೆನೆಯುವಷ್ಟೇ ನೀರು ಕುಡಿದಳು.

"ಅಂಜೇನಿ ಅಂದಿದ್ದನ್ನ ಈಗೇ ನಂಬಿದೆ," ಅಂದಳು. "ಕೊಡ್ತೇನಿ ಅನ್ನೋದನ್ನ ಕಾಟಾ ನೋಡಿ ನಂಬ್ತೇನಿ."