ಹಗ್ಗದ ಮೇಲೆ ತೂಗಿದ ತಾಂಬೂಲದ ಕವರ್

ಹುಲ್ಲಹಳ್ಳಿಯ ಶಿವನಂಜಮ್ಮನ ಮನೆಯಲ್ಲಿ ಮಗನ ಮದುವೆ ಮುಗಿದರೂ ತಾಂಬೂಲದ ಪ್ಲಾಸ್ಟಿಕ್ ಕವರ್ ಮುಗಿದಿರಲಿಲ್ಲ. ಕೆಂಪು ಕವರ್, ಮೇಲೆ ಹಳದಿ ಅಕ್ಷರದಲ್ಲಿ ‘ಚಂದ್ರಶೇಖರ್ – ರೋಜಾ’. ಉಳಿದದ್ದನ್ನು ದಂಡ ಮಾಡುವ ಹೆಂಗಸಲ್ಲ ಅವಳು. ದೇವರ ಮನೆಯ ಒಣಗಿದ ಹೂವು ತುಂಬಿ, ಬಿಗಿಯಾಗಿ ಗಂಟು ಹಾಕಿ, ಸೇತುವೆ ಮೇಲಿಂದ ಕಪಿಲೆ ಹೊಳೆಗೆ ಎಸೆಯುತ್ತಿದ್ದಳು. ಗಂಗಮ್ಮನಿಗೆ ಸೇರಿತು ಎಂದು ಕೈ ಬೇರೆ ಮುಗಿಯುತ್ತಿದ್ದಳು!

ಒಂಬತ್ತನೇ ಕ್ಲಾಸಿನ ಮಗಳು ಲಿಖಿತಾ ಎಷ್ಟೋ ಸಲ ತಡೆದಿದ್ದಳು.

“ಬ್ಯಾಡ ಕಣವ್ವ. ಹೊಳೆ ನೀರು ಸಮುದ್ರಕ್ಕೆ ಓಯ್ತದೆ. ಪ್ಲಾಸ್ಟಿಕ್ ಸುತ್ಕೊಂಡ್ರೆ ಅಲ್ಲಿ ಹವಳ ಸಾಯ್ತದಂತೆ.”

“ಹವಳ ಕಲ್ಲು ಕಣೇ. ಕಲ್ಲೆಲ್ಲಾದ್ರೂ ಸತ್ತದಾ? ಸಮುದ್ರ ಎಲ್ಲದೆ, ನಮ್ಮೂರು ಎಲ್ಲದೆ! ಸುಮ್ಕೆ ಓದ್ಕೊ ಓಗು.”

ಕಳೆದ ತಿಂಗಳು ಶಾಲೆಯ ಇಕೋ ಕ್ಲಬ್ ಮಕ್ಕಳನ್ನು ಯಶೋಧರಾ ಮಿಸ್ ತಿ. ನರಸೀಪುರಕ್ಕೆ ಕರೆದೊಯ್ದರು. ಕಪಿಲೆ ಕಾವೇರಿಗೆ ಸೇರುವ ದಡದಲ್ಲಿ ಮಕ್ಕಳು ಕಸ ಆರಿಸಿದರು. ಅದನ್ನು ತಂದು ಶಾಲೆಯ ಅಂಗಳದಲ್ಲಿ ಹಗ್ಗ ಕಟ್ಟಿ ತೂಗುಹಾಕಿ, ಅಪ್ಪ ಅಮ್ಮಂದಿರನ್ನು ಕರೆದರು.

ಶಿವನಂಜಮ್ಮ ಸೊಸೆ ರೋಜಾಳ ಜೊತೆ ಹೊಸ ಸೀರೆ ಉಟ್ಟು ಬಂದಳು. ದೊಡ್ಡ ಮಗಳು ಶಾಂತಿಯ ಮದುವೆಗೆ ಅಲ್ಲೇ ನಾಲ್ಕು ಜನರನ್ನು ಕರೆಯುವ ಯೋಚನೆ. ಹಗ್ಗ ನೋಡಿ ಮೂಗು ಮುಚ್ಚಿಕೊಂಡಳು.

“ಅಯ್ಯೋ, ಯಾವ ಮನೆ ಮಾನಗೆಟ್ಟೋರವ್ವ ಇವ್ರು!”

ಮುಂದಿನದೇ ಕೆಂಪು ಕವರ್. ಮಗನ ಹೆಸರು, ಸೊಸೆಯ ಹೆಸರು. ಗಂಟು ಬಿಚ್ಚಿರಲಿಲ್ಲ, ಒಳಗೆ ಕೊಳೆತ ಚೆಂಡುಹೂವು. ಪಕ್ಕದಲ್ಲಿ ಯಾರದೋ ಮಗುವಿನ ಡೈಪರ್. ರೋಜಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಶಿವನಂಜಮ್ಮನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಅವಳು ಮಗಳ ಕಿವಿಯಲ್ಲಿ ಕೇಳಿದಳು: “ನಿಂಗೇ ಸಿಕ್ತಾ? ಬಚ್ಚಿಡಬಾರದಿತ್ತಾ ಕೂಸೇ?”

ಲಿಖಿತಾ ತಲೆ ಎತ್ತಲಿಲ್ಲ. “ಬಚ್ಚಿಡವಾ ಅಂತ ಬ್ಯಾಗಿಗೆ ತುರುಕ್ದೆ ಕಣವ್ವ. ಆಮೇಲೆ ಇನ್ನೊಂದು ಸಿಕ್ತು. ಮತ್ತೊಂದು ಸಿಕ್ತು. ಎಷ್ಟೂಂತ ಬಚ್ಚಿಡ್ಲಿ?”

ಯಶೋಧರಾ ಮಿಸ್ ಹತ್ತಿರ ಬಂದರು. “ಶಿವನಂಜಮ್ಮೋರೆ, ಹವಳ ಕಲ್ಲು ಅಂದ್ರಂತೆ, ಲಿಖಿತಾ ಹೇಳಿದ್ಲು. ನಿಮ್ಮ ಕರಿಮಣಿಲಿರೋ ಹವಳ ಕಲ್ಲಲ್ಲ. ಸಮುದ್ರದಲ್ಲಿ ಪುಟಾಣಿ ಜೀವಿಗಳು ಕಟ್ಟಿದ ಮನೆ ಅದು. ಮೀನು ಮೊಟ್ಟೆ ಇಡೋದು, ಮರಿ ಬೆಳೆಯೋದು ಅಂಥ ಹವಳದ ದಿಬ್ಬದಲ್ಲಿ. ರಾಮೇಶ್ವರದ ಕಡೆ ಸಮುದ್ರದಲ್ಲೂ ಇವೆ. ಎಲ್ಲ ಕವರೂ ಸಮುದ್ರ ಮುಟ್ಟಲ್ಲ, ನಿಜ. ಮುಟ್ಟಿದ್ದು ಹವಳಕ್ಕೆ ಸುತ್ಕೊಂಡ್ರೆ ಬೆಳಕಿಲ್ಲ, ರೋಗ ಬರುತ್ತೆ, ಸಾಯುತ್ತೆ.”

ಶಿವನಂಜಮ್ಮನ ಕೈ ಕೊರಳಿಗೆ ಹೋಯಿತು. ಎಲ್ಲರಿಗೂ ಕೇಳುವಂತೆ ಹೇಳಿದಳು: “ಎಸ್ದೋಳು ನಾನೇ ಕಣ್ರವ್ವ. ನನ್ ಸೊಸೆದೇನೂ ತಪ್ಪಿಲ್ಲ. ಶಾಂತಿ ಮದ್ವೆಗೂ ಕವರ್ ಮಾಡ್ಸಕೆ ಏಳಿದ್ದೆ, ಬ್ಯಾಡ ಅಂತೀನಿ. ಬಟ್ಟೆ ಚೀಲ ಒಲುಸ್ತೀನಿ.”

“ಹೆಸ್ರು ಹಾಕ್ಸದಾ ಅತ್ತೆ?” ರೋಜಾ ಮೆಲ್ಲಗೆ ಕೇಳಿದಳು.

“ಆಕ್ಸಣ ಕಣವ್ವ. ಜನ ಮನೇಲಿಟ್ಕೊಳೋ ಚೀಲಕ್ಕೆ ಆಕ್ಸಣ.”

ಮೇಷ್ಟ್ರೇ, ಮಿಸ್ಸೇ, ಹವಳದ ಪಾಠ ಪುಸ್ತಕದಲ್ಲೇ ಮುಗಿಯದಿರಲಿ. ಮಕ್ಕಳ ಕೈಗೆ ಗವಸು ಕೊಟ್ಟು, ಜೊತೆಗೆ ದೊಡ್ಡವರಿದ್ದು, ಹೊಳೆದಡಕ್ಕೆ ಕರೆದೊಯ್ಯಿರಿ. ಸಿಕ್ಕಿದ್ದನ್ನು ಊರಿಗೆ ತೋರಿಸಿ. ಅಪ್ಪ ಅಮ್ಮಂದಿರೇ, ಪೂಜೆಯ ಹೂವನ್ನು ಗಿಡದ ಬುಡಕ್ಕೆ ಹಾಕಿ. ತಾಂಬೂಲವನ್ನು ಬಟ್ಟೆ ಚೀಲದಲ್ಲಿ ಕೊಡಿ. ನಿಮ್ಮ ಮನೆಯ ಮದುವೆ ಕವರ್ ಈಗ ಎಲ್ಲಿ ತೇಲುತ್ತಿದೆಯೋ! ನಾಳೆ ಅದನ್ನು ಎತ್ತಿ ಬ್ಯಾಗಿನಲ್ಲಿ ಬಚ್ಚಿಡುವ ಮಗು ನಿಮ್ಮದೇ ಆಗಿರಬಹುದು.