ಟವೆಲಿನ ಕೆಳಗಿನ ಮಾತು

ಮಗನೂ ಡಾಕ್ಟರಮ್ಮನೂ ಇಂಗ್ಲಿಷಿಗೆ ತಿರುಗಿಕೊಂಡಾಗ ಪೆರಿಯಸಾಮಿ ಇಬ್ಬರ ಮುಖವನ್ನು ಮಾತ್ರ ನೋಡತೊಡಗಿದ. ಮೀಸೆ ಬಂದಂದಿನಿಂದ ದನದ ಸಂತೆಗಳಲ್ಲಿ ದಲ್ಲಾಳಿಯಾಗಿದ್ದವನಿಗೆ ಭಾಷೆ ಬೇಕಿರಲಿಲ್ಲ. ಕೊಳ್ಳುವವನು ಹಸುವನ್ನು ಬಿಟ್ಟು ಆಕಾಶ ನೋಡಿದರೆ ಅದು ಅವನಿಗೆ ಹಿಡಿಸಿದೆ ಅಂತ ಅರ್ಥ. ಮಾರುವವನು ಹಸುವಿನ ಬೆನ್ನನ್ನು ಪದೇ ಪದೇ ಸವರಿದರೆ ಎಲ್ಲೋ ಒಂದು ಊನ ಇದೆ ಅಂತ ಅರ್ಥ. ಮೋಹನ್ ರಾಜ್ ಆಗಿನಿಂದ ಅಪ್ಪನ ಬೆನ್ನು ಸವರುತ್ತಿದ್ದ.

"ಏನಂತೆ?" ಎಂದು ಪೆರಿಯಸಾಮಿ ಮನೆಮಾತಾದ ಕನ್ನಡದಲ್ಲಿ ಕೇಳಿದ.

"ಹೊಟ್ಟೆ ಹುಣ್ಣು ಅಷ್ಟೇಪ್ಪಾ. ಮಾತ್ರೆಲೇ ಆರ್ಹೋಗುತ್ತೆ. ಭಯಪಡಬೇಡಿ."

"ಹುಣ್ಣಿಗೆ ಈ ಆಸ್ಪತ್ರೆ ಯಾಕೆ? ಯಾವ ಕಾಯಿಲೆ ಆಸ್ಪತ್ರೆ ಅಂತ ಬಾಗ್ಲಲ್ಲಿ ಬೋರ್ಡು ತಮಿಳಲ್ಲೇ ಬರ್ದವ್ರೆ. ನಾನು ಐದನೇ ಕ್ಲಾಸ್ ತನಕ ಓದಿದೀನಿ."

"ಇಲ್ಲಿ ಎಲ್ಲಾ ಕಾಯಿಲೆನೂ ನೋಡ್ತಾರೆ."

"ಹೌದೌದು. ದನದ ಸಂತೆಲಿ ಕೋಳಿನೂ ಮಾರ್ತಾರೆ."

ಡಾಕ್ಟರ್ ಇಂದುಜಾಗೆ ಕನ್ನಡ ಬಾರದು. ಆದರೆ ಮಾತಿನ ಮೊನೆ ಅವಳಿಗೂ ತಾಗಿರಬೇಕು, ಕಂಪ್ಯೂಟರಿನಿಂದ ಕಣ್ಣೆತ್ತಿ, "ಅಯ್ಯಾ, ನಿಮಗೆ ಏನು ತಿಳಿಯಬೇಕು? ನನ್ನನ್ನೇ ಕೇಳಿ," ಎಂದು ತಮಿಳಿನಲ್ಲಿ ಹೇಳಿದಳು. ಪೆರಿಯಸಾಮಿ ಬಾಯಿ ತೆರೆಯುವ ಮೊದಲೇ ಮೋಹನ್ ರಾಜ್, "ಅಪ್ಪನಿಗೆ ಏನೂ ಇಲ್ಲ ಮೇಡಂ, ಊಟದ ಬಗ್ಗೆ ಹೇಳಿ ಸಾಕು," ಎಂದ. ಅವಳು ಅವನನ್ನೊಮ್ಮೆ ನೋಡಿ ಗಂಜಿ, ಎಳನೀರು, ಬೇಯಿಸಿದ ತರಕಾರಿ ಎಂದು ಹೇಳತೊಡಗಿದಳು.

ಬೆಳಿಗ್ಗೆ ಟೋಕನ್ ತರುತ್ತೇನೆಂದು ಹೋದ ಮಗ ಒಬ್ಬನೇ ಈ ಕೋಣೆಗೆ ಬಂದು ಹೋಗಿದ್ದನ್ನು ಪೆರಿಯಸಾಮಿ ಕಂಡಿದ್ದ. ಅವನ ಮೇಲೆ ಸಿಟ್ಟೇನೂ ಇರಲಿಲ್ಲ. ಮಡತ್ತುಕುಳಂನಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿ ಇಟ್ಟವನು. ಗಿರಾಕಿ ಹೆದರದ ಹಾಗೆ ಮಾತಾಡುವುದು ಅವನಿಗೆ ರೂಢಿ. ಮುಖ ತೊಳೆದು ಬಂದಿದ್ದರೂ ಕಣ್ಣಿನ ಕೆಂಪು ಹೋಗಿರಲಿಲ್ಲ. ಪಾಪ, ಒಬ್ಬನೇ ಹೊತ್ತುಕೊಂಡಿದ್ದಾನೆ.

ಆದರೆ ಪೆರಿಯಸಾಮಿಗೆ ಒಂದು ಲೆಕ್ಕ ಬೇಕಿತ್ತು. ಮನೆಯಲ್ಲಿ ಬೆಳ್ಳಿ ಇದ್ದಳು. ಕಾಂಗೇಯಂ ತಳಿಯ ಹಸು, ಚೊಚ್ಚಲು ಬಸಿರು. ಶಿವರಾತ್ರಿಯ ಹೊತ್ತಿಗೆ ಕರು ಹಾಕಬೇಕು. ಅವನೊಬ್ಬನನ್ನು ಬಿಟ್ಟು ಯಾರು ಹತ್ತಿರ ಹೋದರೂ ಕೊಂಬು ತಿರುಗಿಸುತ್ತಿದ್ದಳು. ಅವನು ಇಲ್ಲದಾಗ ಅವಳು ಕರು ಹಾಕಿದರೆ ಹತ್ತಿರ ಹೋಗುವವರಿಲ್ಲ. ಒಂದು ತಿಂಗಳು ಒದೆಸಿಕೊಂಡು ಸಾಕಾಗಿ ಮಗ ಸಂತೆಗೆ ಹೊಡೆಯುತ್ತಾನೆ. ಯಾರೂ ಕೊಳ್ಳದ ಹಸು ಸಂಜೆಗೆ ಯಾವ ಲಾರಿ ಹತ್ತುತ್ತದೆ ಅನ್ನುವುದು ಪೆರಿಯಸಾಮಿಗಿಂತ ಚೆನ್ನಾಗಿ ಗೊತ್ತಿದ್ದವರು ಇರಲಿಲ್ಲ. ಎಷ್ಟೋ ಲಾರಿಗೆ ಅವನೇ ಹತ್ತಿಸಿದ್ದ.

"ಹೊಟ್ಟೆ ನೋಡಬೇಕು, ಒಳಗೆ ಮಲಗಿ," ಎಂದಳು ಇಂದುಜಾ. ಮೂಲೆಯಲ್ಲಿ ಹಸಿರು ಪರದೆ, ಅದರ ಹಿಂದೆ ಮಂಚ. ಮೋಹನ್ ರಾಜ್ ಪರದೆಯ ಆಚೆ ನಿಂತ. ಅವನ ಚಪ್ಪಲಿ ಕೆಳಗಿನಿಂದ ಕಾಣುತ್ತಿತ್ತು.

ಅವಳು ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿದಳು. ಒಂದು ಕಡೆ ಕೈ ನಿಂತಿತು. ಪೆರಿಯಸಾಮಿ ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಪಕ್ಕದ ಗೋಡೆಯನ್ನು ನೋಡುತ್ತಿದ್ದಳು.

ಅವಳು ಮುಗಿಸಿದ ಮೇಲೆ ಅವನು ಎದ್ದು ಕೂತು, ಹೆಗಲ ಟವೆಲು ಎಳೆದುಕೊಂಡು ತಮಿಳಿನಲ್ಲಿ ಶುರುಮಾಡಿದ.

"ಡಾಕ್ಟರಮ್ಮಾ, ನಮ್ಮ ಸಂತೆಯಲ್ಲಿ ದನದ ಬೆಲೆ ಬಾಯಲ್ಲಿ ಹೇಳೋದಿಲ್ಲ. ಹೇಳಿದರೆ ಸುತ್ತ ನಿಂತವರ ಕಿವಿಗೆ ಬೀಳುತ್ತೆ. ಇಬ್ಬರ ಕೈಯನ್ನೂ ಟವೆಲಿನಿಂದ ಮುಚ್ಚಿಬಿಡ್ತೀವಿ. ಒಳಗೆ ಬೆರಳು ಹಿಡಿದು ಹೇಳೋದು. ಎಷ್ಟು ಬೆರಳು ಹಿಡಿದರೆ ಅಷ್ಟು."

"ಹೌದಾ?" ಎಂದಳು ಅವಳು.

"ಅಪ್ಪಾ, ಮೇಡಂಗೆ ಕೆಲಸ ಇದೆ," ಎಂದಿತು ಪರದೆಯ ಆಚೆಯ ದನಿ.

"ಇರಪ್ಪ, ಅವರೂ ಒಂದು ವ್ಯಾಪಾರ ಕಲಿಯಲಿ." ಪೆರಿಯಸಾಮಿ ಬಲಗೈ ಚಾಚಿ ಅದರ ಮೇಲೆ ಟವೆಲು ಹೊದಿಸಿ ದನಿ ತಗ್ಗಿಸಿದ. "ಮನೇಲಿ ಒಂದು ಬಸಿರು ಹಸು ಇದೆಯಮ್ಮಾ. ನನ್ನ ಕೈಗೆ ಮಾತ್ರ ಅದು ಒಗ್ಗೋದು. ಎಷ್ಟು ತಿಂಗಳು ಮೇವು ಹಾಕೋದು ನನ್ನ ಪಾಲಿಗಿದೆ, ಹೇಳಿ. ಬೆರಳಿಗೊಂದು ತಿಂಗಳು. ವರ್ಷದ ಲೆಕ್ಕವಾದರೆ ಮೊದಲು ಮಣಿಕಟ್ಟು ಹಿಡೀರಿ."

ಇಂದುಜಾ ಪರದೆಯ ಕೆಳಗಿನ ಚಪ್ಪಲಿಗಳನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಅವನು ನಗುತ್ತಿರಲಿಲ್ಲ.

ಅವಳು ಕೈಗವಸು ಕಳಚಿ ಪಕ್ಕದ ಬುಟ್ಟಿಗೆ ಹಾಕಿದಳು. ಬರಿಗೈಯನ್ನು ಟವೆಲಿನ ಕೆಳಗೆ ತೂರಿಸಿದಳು. ಆ ಕೈ ತಣ್ಣಗಿತ್ತು, ಸ್ವಲ್ಪ ಬೆವೆತಿತ್ತು. ಹೊಸ ದಲ್ಲಾಳಿಗಳ ಕೈ ಹೀಗೇ ಇರುತ್ತದೆ. ಅದು ಮಣಿಕಟ್ಟನ್ನು ಮುಟ್ಟಲಿಲ್ಲ. ನೇರವಾಗಿ ಬೆರಳಿಗೆ ಬಂದು ಒಂದೊಂದಾಗಿ ಹಿಡಿಯಿತು. ಎಣಿಕೆಯ ಕೊನೆಯ ಬೆರಳನ್ನು ಪೂರ್ತಿ ಹಿಡಿಯದೆ ನಡುವಿನ ಗೆಣ್ಣಿನ ಹತ್ತಿರ ನಿಂತು, ಅನುಮಾನಿಸಿ, ಬಿಟ್ಟಿತು.

"ಸರೀಂಗಮ್ಮಾ," ಎಂದ ಪೆರಿಯಸಾಮಿ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. "ಬೆಲೆ ನ್ಯಾಯವಾಗಿದೆ. ಚೌಕಾಸಿ ಮಾಡಲ್ಲ."

ಅವಳು ಪರದೆ ಸರಿಸಲು ಕೊಂಚ ತಡ ಮಾಡಿದಳು. ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡು, "ನೋವಿಗೆ ಮಾತ್ರೆ ಕೊಡ್ತೀನಿ. ನೋವು ಬಾರದ ಹಾಗೆ ನೋಡಿಕೊಳ್ತೀನಿ. ಅದು ನನ್ನ ಮಾತು," ಎಂದಳು.

ಹೊರಗೆ ಬೆಂಚಿನ ಮೇಲೆ ಹೆಂಡತಿ ರಾಮಾತಾಳ್ ಟಿಫನ್ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಒಳಗೆ ರೋಗಿಯ ಜೊತೆ ಒಬ್ಬರನ್ನು ಮಾತ್ರ ಬಿಡುತ್ತಿದ್ದರು.

"ಏನಂತೆ?"

"ಹುಣ್ಣಂತೆ. ನಿನ್ನ ಮಗ ಇಂಗ್ಲಿಷಲ್ಲಿ ಕೇಳಿದ, ಅವರು ಇಂಗ್ಲಿಷಲ್ಲಿ ಹೇಳಿದ್ರು."

"ಅವನು ಹೇಳಿದ್ರೆ ಸರಿ ಇರುತ್ತೆ," ಎಂದು ಅವಳು ಮಗನ ಮುಖ ನೋಡಿದಳು. ಮೋಹನ್ ರಾಜ್ ಮದ್ದಿನ ಚೀಟಿ ಹಿಡಿದು ಔಷಧಿ ಅಂಗಡಿಯ ಕಡೆ ಹೊರಟಿದ್ದ.

ಊರಿಗೆ ಮರಳುವ ಉಡುಮಲೈ ಬಸ್ಸು ಪೊಳ್ಳಾಚಿ ದಾಟಿತು. ಆಮೇಲೆ ಪೆರಿಯಸಾಮಿ ತೆಂಗಿನ ತೋಟಗಳನ್ನು ನೋಡುತ್ತಾ ಎರಡು ತುತ್ತು ಇಡ್ಲಿ ತಿಂದ. ಮೂರನೆಯದು ಇಳಿಯಲಿಲ್ಲ.

ದೀಪಾವಳಿಗೆ ಇನ್ನೂ ದಿನವಿರುವಾಗ ಮಯಿಲ್‌ಸಾಮಿ ಬಂದ. ಅಮರಾವತಿ ಹೊಳೆಯ ಆಚೆಯವನು, ಪೆರಿಯಸಾಮಿಯ ಹಳೆಯ ಜೊತೆಗಾರ. ಕೊಟ್ಟಿಗೆಯಲ್ಲಿ ಮುದಿ ದನಗಳನ್ನು ಸಾಯುವವರೆಗೂ ಕಟ್ಟಿಕೊಂಡಿರುವ ಹುಚ್ಚ ಎಂದು ಸಂತೆಯವರೆಲ್ಲ ನಗುತ್ತಿದ್ದರು. ಹದಿನೈದು ದಿನ ಬೆಳಿಗ್ಗೆ ಬೆಳಿಗ್ಗೆ ಬಂದು ಪೆರಿಯಸಾಮಿಯ ಪಕ್ಕದಲ್ಲಿ ನಿಂತು ಬೆಳ್ಳಿಗೆ ಹುಲ್ಲು ಹಾಕಿದ. ಮೊದಲು ತೊಡೆಗೆ ಹಾಯಿಸಿಕೊಂಡ. "ನಿಂಗೆ ಹೆಣ್ಣು ಕೊಟ್ಟ ಮಾವನೂ ಹೀಗೆ ಹಾಯ್ದಿರ್ಲಿಲ್ಲ ಕಣೋ," ಎಂದು ಪೆರಿಯಸಾಮಿ ನಕ್ಕ. ಆಮೇಲಾಮೇಲೆ ಬೆಳ್ಳಿ ಅವನ ಕೈಯನ್ನು ಮೂಸಿ ಸುಮ್ಮನಾದಳು.

ಮಯಿಲ್‌ಸಾಮಿ ಹೊಸ ಹಗ್ಗ ತಂದ ದಿನ ಮೋಹನ್ ರಾಜ್ ಅಂಗಡಿಯಿಂದ ಓಡಿ ಬಂದ.

"ಯಾಕಪ್ಪಾ ಈಗ? ಕರು ಹಾಕೋಕೆ ಮುಂಚೆ ಹಸು ಮನೆ ದಾಟಬಾರ್ದು ಅಂತ ಊರಿಗೆಲ್ಲ ಹೇಳೋರು ನೀವೇ ಅಲ್ವಾ?"

"ಹೇಳ್ತಿದ್ದೆ."

"ಮತ್ತೆ?"

ಪೆರಿಯಸಾಮಿ ಬೆಳ್ಳಿಯ ಹಳೆಯ ಹಗ್ಗ ಬಿಚ್ಚಿದ. ಹಸು ಕೊಟ್ಟರೂ ಹಗ್ಗ ಕೊಡುವ ಪದ್ಧತಿಯಿಲ್ಲ. ಅದನ್ನು ರಾಮಾತಾಳ್ ಕೈಗೆ ಕೊಟ್ಟ. ಬೆಳ್ಳಿ ಬಾಗಿಲಲ್ಲಿ ಒಮ್ಮೆ ನಿಂತು ತಿರುಗಿ ನೋಡಿದಳು. ಮಯಿಲ್‌ಸಾಮಿ ಎಳೆಯಲಿಲ್ಲ, ಕಾದ. ಅವಳಾಗಿಯೇ ಹೆಜ್ಜೆ ಹಾಕಿದಳು.

ಸಂಜೆ ಪೆರಿಯಸಾಮಿ ಜಗುಲಿಯ ಮೇಲೆ ಗೋಡೆಗೊರಗಿ ಕೂತಿದ್ದ. ಎದುರಿಗೆ ಖಾಲಿ ಗೂಟ. ರಾಮಾತಾಳ್ ಬಂದು ಪಕ್ಕದಲ್ಲಿ ಕೂತಳು. ಹಗ್ಗ ಅವಳ ಮಡಿಲಲ್ಲೇ ಇತ್ತು.

"ಶಿವರಾತ್ರಿಗೆ ಕರು," ಎಂದಳು.

"ಹ್ಞೂ."

"ಅಲ್ಲಿ ತನಕಾನೂ ಇಲ್ವಾ?"

ಅವನು ಗೂಟವನ್ನೇ ನೋಡುತ್ತಿದ್ದ. ಅವಳು ಅವನ ಹೆಗಲ ಟವೆಲು ಎಳೆದು ಅವನ ಕೈಯ ಮೇಲೆ ಹಾಸಿದಳು. ಅವಳ ಅಪ್ಪನೂ ದಲ್ಲಾಳಿ, ಅಣ್ಣಂದಿರೂ ದಲ್ಲಾಳಿಗಳು. ಟವೆಲಿನ ಕೆಳಗೆ ಕೈಯಿಟ್ಟ ಹೆಂಗಸನ್ನು ಮಾತ್ರ ಅವಳು ಎಂದೂ ಕಂಡವಳಲ್ಲ. ತನ್ನ ಕೈಯನ್ನು ಒಳಗೆ ತೂರಿಸಿದಳು.

"ಹೇಳಿ," ಎಂದಳು.

ಒಳಗಿನಿಂದ ಗಂಜಿಯ ಲೋಟ ಹಿಡಿದು ಬಂದ ಮೋಹನ್ ರಾಜ್ ಹೊಸ್ತಿಲಲ್ಲಿ ನಿಂತ. ಟವೆಲು ಮೆಲ್ಲಗೆ ಅಲುಗಿತು. ಮತ್ತೊಮ್ಮೆ ಅಲುಗಿ ನಿಂತಿತು. ಇಬ್ಬರೂ ಕೈ ತೆಗೆಯಲಿಲ್ಲ. ಅವನು ಲೋಟವನ್ನು ಸದ್ದಾಗದಂತೆ ಕೆಳಗಿಟ್ಟು, ಅಲ್ಲೇ ಹೊಸ್ತಿಲ ಮೇಲೆ ಕೂತ.