ಉರ್ವದಿಂದ ಒಂದು, ಮಸ್ಕತ್‌ನಿಂದ ಒಂದು

ಅಪ್ಪ ಒಪ್ಪಿದ್ದು ಶುಕ್ರವಾರ. ಎರಡು ವರ್ಷ ನನ್ನ ಜೊತೆ ಸರಿಯಾಗಿ ಮಾತೇ ಆಡದ ಮನುಷ್ಯ, ಸಂಜೆಯ ಪೂಜೆ ಮುಗಿಸಿ ಬಂದವರು ಕಾಲು ತೊಳೆಯುತ್ತಾ, "ಆ ಹುಡುಗ ಊರಿಗೆ ಬಂದಾಗ ಮನೆಗೆ ಬರ್ಲಿಕ್ಕೆ ಹೇಳು ವಿಭಾ, ನೋಡುವ" ಎಂದರು. ದೇವಸ್ಥಾನದ ಅರ್ಚಕ ಹರಿದಾಸ ಭಟ್ಟರ ಬಾಯಲ್ಲಿ ಅಷ್ಟು ಬಂದರೆ ಒಪ್ಪಿದ ಹಾಗೆಯೇ ಲೆಕ್ಕ.

ಲತೇಶ್ ನಮ್ಮ ಜಾತಿಯವನಲ್ಲ. ಮನೆ ಮಂಗಳೂರಿನಲ್ಲೇ, ನಮ್ಮ ಉರ್ವಕ್ಕೆ ಹತ್ತಿರದ ಕುದ್ರೋಳಿ, ಕೆಲಸ ಮಸ್ಕತ್‌ನಲ್ಲಿ. ಪಣಂಬೂರು ಬೀಚಿನಲ್ಲಿ ಒಮ್ಮೆ ಜನರಿಗೆ ಧೂಮಕೇತು ತೋರಿಸುತ್ತಿದ್ದಾಗ ನನ್ನ ದುರ್ಬೀನಿನ ಮುಂದೆ ಮತ್ತೆ ಮತ್ತೆ ಸಾಲು ನಿಂತವನು ಅವನೊಬ್ಬನೇ. "ಇನ್ನೂ ಕಾಣಲಿಲ್ಲವಾ?" ಎಂದು ಕೇಳಿದ್ದಕ್ಕೆ, "ಮೊದಲನೇ ಸಲವೇ ಕಂಡಿತ್ತು" ಎಂದಿದ್ದ.

ಅಪ್ಪನ ಮಾತನ್ನು ಅವನಿಗೆ ತಕ್ಷಣ ಹೇಳಲಿಲ್ಲ. ಮಂಗಳವಾರ ಕಲ್ಲಿನ ಫೋಟೋ ಆದ ಮೇಲೆ ಹೇಳುವ ಎಂದು ಇಟ್ಟುಕೊಂಡೆ. ಸಿಹಿಯನ್ನು ಎಲೆಯ ಕೊನೆಗೆ ಉಳಿಸಿಕೊಳ್ಳುವ ದುರಭ್ಯಾಸ ನನಗೆ ಚಿಕ್ಕಂದಿನಿಂದಲೂ ಇದೆ.

ಕಲ್ಲು ಎಂದರೆ ಕ್ಷುದ್ರಗ್ರಹ. ಕಲ್ಯಾಣ ಮಂಟಪದಷ್ಟು ದೊಡ್ಡದು, ಆ ದಿನ ಹೆಚ್ಚುಕಡಿಮೆ ಚಂದ್ರನಷ್ಟೇ ದೂರದಲ್ಲಿ ಭೂಮಿಯನ್ನು ದಾಟಿ ಹೋಗುವುದಿತ್ತು. ಇಂಥದ್ದರ ದೂರ ಅಳೆಯಲು ದೊಡ್ಡ ವೀಕ್ಷಣಾಲಯವೇ ಬೇಕೆಂದಿಲ್ಲ. ಮೂಗಿನ ಮುಂದೆ ಹೆಬ್ಬೆರಳು ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಆಚೀಚೆ ಸರಿಯುತ್ತದೆ. ಹಾಗೆಯೇ ದೂರದೂರದ ಎರಡು ಊರುಗಳಿಂದ ಒಂದೇ ಕ್ಷಣಕ್ಕೆ ಫೋಟೋ ತೆಗೆದರೆ, ಹಿಂದಿನ ನಕ್ಷತ್ರಗಳು ಅಲ್ಲಲ್ಲೇ ಇರುತ್ತವೆ, ಹತ್ತಿರದ ಕಲ್ಲು ಮಾತ್ರ ಜಾಗ ಬದಲಿಸಿರುತ್ತದೆ. ಎಷ್ಟು ಸರಿದಿದೆ ಎಂದು ಅಳೆದರೆ ದೂರ ಸಿಗುತ್ತದೆ. ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವ ನನಗೆ ಇದು ಹಳೆಯ ಆಸೆ. ಒಂದು ಕಣ್ಣು ಉರ್ವದಲ್ಲಿ, ಇನ್ನೊಂದು ಮಸ್ಕತ್‌ನಲ್ಲಿ. ಗಲ್ಫಿನಿಂದ ಉಳಿದವರೆಲ್ಲ ಚಿನ್ನ, ಸೆಂಟು ತರಿಸುತ್ತಾರೆ. ನಾನು ಕೇಳಿದ್ದು ಒಂದು ಫೋಟೋ.

ಇಲ್ಲಿ ಎಂಟೂವರೆಗೆ, ಅಲ್ಲಿ ಏಳು ಗಂಟೆಗೆ, ಇಬ್ಬರೂ ತೆಗೆಯಬೇಕು ಎಂದು ಮಾತಾಗಿತ್ತು. ನಾನು ತಾರಸಿಯಲ್ಲಿ ಫೋಟೋ ತೆಗೆದು ಮುಗಿಸುವಾಗ ಅಪ್ಪ ಮೆಟ್ಟಿಲು ಹತ್ತಿ ಬಂದರು. ಕ್ಯಾಮರಾದಲ್ಲಿ ಚುಕ್ಕಿ ತೋರಿಸಿದೆ. "ಇಷ್ಟೆಯಾ?" ಎಂದರು. ಮೆಟ್ಟಿಲಿನ ಕಡೆ ತಿರುಗಿ, "ಲತೇಶನಿಗೆ ಅಲ್ಲಿ ಕಂಡಿತಂತಾ?" ಎಂದು ಕೇಳಿದರು. ಅಪ್ಪ ಅವನ ಹೆಸರು ಹಿಡಿದು ಮಾತಾಡಿದ್ದು ಅದೇ ಮೊದಲು. ಸಂತೋಷ ತಡೆಯಲಾರದೆ, "ಈಗ ಫೋಟೋ ಕಳಿಸ್ತಾನೆ ಅಪ್ಪ" ಎಂದೆ.

ಅಷ್ಟರಲ್ಲಿ ಅವನ ಫೋಟೋ ಬಂತು. ಕೆಳಗೆ ಹೋಗಿ ಎರಡನ್ನೂ ಲ್ಯಾಪ್‌ಟಾಪಿನಲ್ಲಿ ನಕ್ಷತ್ರಕ್ಕೆ ನಕ್ಷತ್ರ ಕೂಡಿಸಿ ಒಂದರ ಮೇಲೊಂದು ಇಟ್ಟೆ. ಕಲ್ಲಿನ ಎರಡು ಚುಕ್ಕಿಗಳ ನಡುವೆ ಆಕಾಶದಲ್ಲಿ ಚಂದ್ರ ಕಾಣುವುದರ ಅರ್ಧದಷ್ಟಾದರೂ ಅಂತರ ಬರಬೇಕಿತ್ತು. ಕಂಡದ್ದು ಒಂದೇ ಚುಕ್ಕಿ. ನನ್ನ ಫೋಟೋವನ್ನೇ ಎರಡು ಸಲ ತೆರೆದೆನೋ ಎಂದು ನೋಡಿದೆ. ಇಲ್ಲ, ಅವನದು ಸ್ವಲ್ಪ ಓರೆ ಹಿಡಿದದ್ದು, ಲೆನ್ಸೂ ಬೇರೆ. ಗಡಿಯಾರ ತಪ್ಪಿತೋ ಎಂದು ನೋಡಿದೆ. ಅದೂ ಸರಿಯಿತ್ತು. ನಾನೇ ದಡ್ಡಿ ಎಂದು ಬೈದುಕೊಂಡು ಮತ್ತೆ ಮಾಡಿದೆ, ಮತ್ತೂ ಮಾಡಿದೆ. ಪ್ರತಿ ಸಲವೂ ಕಲ್ಲಿನ ಮೇಲೆ ಕಲ್ಲು ಹೋಗಿ ಕೂತಿತು. ಹಾಗೆ ಕೂರಬೇಕಾದರೆ ಎರಡೂ ಫೋಟೋ ಒಂದೇ ಊರಿನಲ್ಲಿ ತೆಗೆದಿರಬೇಕು. ಉಡುಪಿಯಿಂದ ತೆಗೆದಿದ್ದರೂ ಚೂರು ಸರಿಯುತ್ತಿತ್ತು.

ಫೋನ್ ಮಾಡಿದೆ.

"ಫೋಟೋ ಸಿಕ್ಕಿತು. ಅಲ್ಲಿ ಹವೆ ಹೇಗುಂಟು?"

"ಸ್ವಲ್ಪ ಚಳಿ ಉಂಟು ಮಾರಾಯ್ತಿ."

"ಲತೇಶ್, ಎರಡು ಚುಕ್ಕಿಯೂ ಒಂದೇ ಕಡೆ ಉಂಟು."

ಆಚೆ ಕಡೆ ನಮ್ಮೂರಿನ ಸಿಟಿ ಬಸ್ಸಿನ ಕಂಡಕ್ಟರ್ ಸೀಟಿ ಊದಿದ್ದು ಕೇಳಿತು.

"ಗೊತ್ತುಂಟು," ಎಂದ. "ಕಳಿಸುವಾಗಲೇ ಗೊತ್ತಿತ್ತು."

"ಎಲ್ಲಿದ್ದಿ?"

"ಮನೆಯಲ್ಲಿ. ಬಂದು ಒಂದು ವಾರ ಆಯ್ತು." ಆಮೇಲೆ ಒಂದೇ ಉಸಿರಿಗೆ ಹೇಳಿದ. "ಬರುವ ಭಾನುವಾರ ನಿಶ್ಚಿತಾರ್ಥ. ಅಮ್ಮ ಹುಡುಗಿ ನೋಡಿ ಆಗಿತ್ತು. ಭಟ್ರ ಮನೆಯವರು ನಮ್ಮನ್ನು ಯಾವತ್ತೂ ಒಳಗೆ ಕರೆಯುವುದಿಲ್ಲ, ಎಷ್ಟು ವರ್ಷ ಕಾಯ್ತಿ ಅಂತ ಕೇಳಿದ್ರು. ನಾನು ಎಂತ ಹೇಳ್ಲಿ? ನಿನ್ನ ಅಪ್ಪ ಒಪ್ಪಲೇ ಇಲ್ಲ ಅಲ್ವಾ?"

ಅಪ್ಪನ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದಕ್ಕೂ ಮೊದಲು ಒಂದನ್ನು ಕೇಳಿದೆ. "ಆ ಹುಡುಗಿಗೆ ನೀನು ಹ್ಞೂಂ ಅಂದಿದ್ದೀಯಾ?"

"ಅಂದಿದ್ದೇನೆ. ಪ್ರಾಪ್ತಿ ಅಂತ ಹೆಸರು. ಪಾಪ, ಅವಳಿಗೆ ಎಂತದೂ ಗೊತ್ತಿಲ್ಲ."

ನಾಲಿಗೆಯ ತುದಿಯ ಮಾತನ್ನು ನುಂಗಿಕೊಂಡೆ. ಹೇಳಿದ್ದರೆ ಅವನು ಓಡಿ ಬರುತ್ತಿದ್ದನೋ ಏನೋ. ಬಂದರೆ ಆ ಹುಡುಗಿ ಭಾನುವಾರದ ಸೀರೆ ಹಿಡಿದುಕೊಂಡು ಕೂರಬೇಕು. ಬರದಿದ್ದರೆ, ಅಪ್ಪ ಒಪ್ಪಿದ ಮೇಲೂ ಬರಲಿಲ್ಲ ಎಂದು ನಾನು ಸಾಯುವವರೆಗೂ ನೆನೆಯಬೇಕು. ಎರಡೂ ನನ್ನಿಂದ ಆಗುವಂತಿರಲಿಲ್ಲ.

"ಇವತ್ತು ಮೋಡ ಇತ್ತು ಅಂತ ಹೇಳಿದ್ರೆ ಮುಗಿದಿತ್ತಲ್ಲ?" ಎಂದೆ.

"ಉಳಿದದ್ದಕ್ಕೆಲ್ಲ ಸುಳ್ಳು ಹೇಳಿದೆ ವಿಭಾ. ಆಕಾಶದ ವಿಷಯದಲ್ಲಿ ನಿನಗೆ ಸುಳ್ಳು ಹೇಳ್ಲಿಕ್ಕೆ ಮನಸ್ಸು ಬರಲಿಲ್ಲ."

ಬಾಯಲ್ಲಿ ಹೇಳುವ ಧೈರ್ಯ ಇಲ್ಲದೆ ಒಂದು ಕಲ್ಲಿನ ಕೈಯಲ್ಲಿ ಹೇಳಿ ಕಳಿಸಿದ ಗಂಡಸು. ಚೆನ್ನಾಗಿ ಬೈಯಬೇಕು ಎನಿಸಿತು. ಬೈಯಲು ಬಾಯಿ ತೆರೆದರೆ ಅಳು ಬಂತು, ಫೋನ್ ಇಟ್ಟೆ.

ಮರುದಿನ ರಜೆ ಹಾಕಬಹುದಿತ್ತು. ಆದರೆ ಕಾಫಿ ಕುಡಿಯುತ್ತಾ ಅಪ್ಪ, "ಯಾವಾಗ ಬರ್ತಾನಂತೆ?" ಎಂದು ಕೇಳಿಬಿಟ್ಟರು. ಆ ಮುಖದ ಮುಂದೆ ಇಡೀ ದಿನ ಕೂರುವುದಕ್ಕಿಂತ ಕ್ಲಾಸೇ ಮೇಲು ಎಂದು ಹೊರಟೆ. ಹುಡುಗಿಯರೆಲ್ಲ ಕಲ್ಲು ಎಷ್ಟು ದೂರ ಇತ್ತೆಂದು ತಿಳಿಯಲು ಕಾದಿದ್ದರು. ಎರಡೂ ಫೋಟೋಗಳನ್ನು ಪರದೆಯ ಮೇಲೆ ಹಾಕಿದೆ. ಲೆಕ್ಕ ಬರಲಿಲ್ಲ, ಮಸ್ಕತ್‌ನಿಂದ ತೆಗೆಯಬೇಕಾದವರು ಮಂಗಳೂರಿನಲ್ಲೇ ಇದ್ದರು, ಹಾಗಾಗಿ ದೂರ ಸಿಗಲಿಲ್ಲ ಎಂದು ಹೇಳಿದೆ. ದನಿ ಸರಿಯಾಗಿಯೇ ಇತ್ತು.

ಮುಂದಿನ ಬೆಂಚಿನ ನತಾಶಾ ಕೈ ಎತ್ತಿದಳು. ಓದಿನಲ್ಲಿ ಚುರುಕು, ಮನಸ್ಸಿಗೆ ಬಂದದ್ದನ್ನು ಹಾಗೆಯೇ ಕೇಳುವವಳು.

"ಮೇಡಂ, ಇಬ್ಬರೂ ಊರಲ್ಲೇ ಇದ್ದದ್ದಾದ್ರೆ ಬೇರೆ ಬೇರೆ ಕಡೆ ಯಾಕೆ ನಿಂತದ್ದು? ಒಟ್ಟಿಗೇ ನಿಂತು ನೋಡಬಹುದಿತ್ತಲ್ಲ?"

"ಹೌದು, ನೋಡಬಹುದಿತ್ತು" ಎಂದೆ. ಕ್ಲಾಸಿಗೆ ಬೆನ್ನು ಹಾಕಿ, ಗಂಟೆ ಹೊಡೆಯುವವರೆಗೆ ಖಾಲಿ ಬೋರ್ಡನ್ನು ಒರೆಸುತ್ತಾ ನಿಂತೆ.